ಬೆನ್ನಿಗೊಂದು ಏಟು

ಮಾರ್ಚ್ 3, ಬೆಳಿಗ್ಗೆ 7

ಸ್ಟಡಿ ಹಾಲಿಡೇಸ್. ಹಾಸ್ಟೆಲ್ ಬಿಟ್ಟು ಮನೆಯಲ್ಲಿದ್ದೇನೆ. ಕಾಂಟ್ರಾಕ್ಟ್ ಲಾ ನಾಲ್ಕು ಪುಟ, ಆಮೇಲೆ ಮತ್ತೆ ಮೊದಲ ಪುಟಕ್ಕೆ. ಯೂಶುವಲ್. ಫಸ್ಟ್ ಇಯರ್ ಎಕ್ಸಾಮ್‌ಗೆ ಇನ್ನೂ ಇಪ್ಪತ್ತು ದಿನ ಇದೆ.

ಬೆನ್ನಿಗೊಂದು ಏಟು ಬಿತ್ತು. ಅಂಗೈ ಅಗಲಿಸಿ, ಪಟ್ ಅಂತ. "ಲಾಯರಮ್ಮ, ಲೈಟ್ ಆರ್ಸು, ಬೆಳಗಾಯ್ತು." ಅಪ್ಪ. ಕೋಪವಲ್ಲ. ಇಪ್ಪತ್ತೆರಡು ವರ್ಷ ಪ್ರೆಸ್ ಶಾಪಿನಲ್ಲಿ ತಗಡು ಒತ್ತಿದವರು. ಅಲ್ಲಿನ ಸದ್ದಿಗೆ ಕೂಗಿದರೆ ಯಾರಿಗೂ ಕೇಳುವುದಿಲ್ಲ. ಬೆನ್ನಿಗೆ ಏಟು ಬಿದ್ದರೆ ‘ನಿಲ್ಲಿಸು’ ಎಂದರ್ಥ. ಯಂತ್ರದಿಂದ ಕೈ ತೆಗೆದು ನಿಲ್ಲಬೇಕು. ಮನೆಯಲ್ಲೂ ಅದೇ ಭಾಷೆ. ಕೋಪದ ಏಟು ಬೇರೆ — ಅದಕ್ಕೇ ಅಮ್ಮ ನನ್ನನ್ನು ಆರನೇ ಕ್ಲಾಸಿಗೇ ಹಾಸ್ಟೆಲ್‌ಗೆ ಸಾಗಹಾಕಿದ್ದು.

ಮಾರ್ಚ್ 5, ಸಂಜೆ 6

ಅಪ್ಪ ತುಟಿ ಒಡೆದುಕೊಂಡು ಬಂದರು. ಕಂಪನಿ ಹದಿನೆಂಟು ಜನರನ್ನು ತೆಗೆಯುತ್ತದಂತೆ. ಬೇಡದವರ ಕೈಗೆಲ್ಲ ಒಂದು ಕಾಗದ: ‘ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ.’ ಹಂಚಿದ್ದು ಫೋರ್‌ಮನ್ — ಕೊರಳಲ್ಲಿ ಸದಾ ಸೀಟಿ, ಅದಕ್ಕೆ ಎಲ್ಲರ ಬಾಯಲ್ಲೂ ‘ಸೀಟಿ’. ಅಪ್ಪ ಸೈನ್ ಹಾಕಲಿಲ್ಲ. ಸೀಟಿ ಕೀಗೊಂಚಲು ಹಿಡಿದ ಮುಷ್ಟಿಯಿಂದಲೇ ಬಾಯಿಗೆ ಗುದ್ದಿದ.

"ನೀವೇನು ಸುಮ್ನೆ ಬಂದ್ರಾ?" ಅಮ್ಮನಿಗೆ ನಂಬಿಕೆಯಿಲ್ಲ.

"ನಾಲ್ಕು ಜನ ಹಿಡ್ಕೊಂಡ್ರು ಕಣೆ. ನಾಳೆ ಕೊಡ್ತೀನಿ ಬಿಡು."

ಲೇಬರ್ ಲಾ ನಮಗಿನ್ನೂ ಇಲ್ಲ. ಸೀನಿಯರ್‌ಗೆ ಮೆಸೇಜ್ ಹಾಕಿ ನೋಟ್ಸ್ ತರಿಸಿಕೊಂಡೆ. ಓದಿ ಹೇಳಿದೆ: ಆಳು ಹೆಚ್ಚಾಯಿತೆಂದು ತೆಗೆಯುವುದಾದರೆ ಕೊನೆಗೆ ಸೇರಿದವರು ಮೊದಲು ಹೋಗಬೇಕು. ಲಿಸ್ಟ್ ಗೋಡೆಗೆ ಹಾಕಬೇಕು. ನೋಟಿಸ್, ಪರಿಹಾರ ಎರಡೂ ಕೊಡಬೇಕು. ಸೈನ್ ಹಾಕಿದರೆ ಇದ್ಯಾವುದೂ ಇಲ್ಲ. ಅಪ್ಪ ಎಲ್ಲರಿಗಿಂತ ಹಳಬರು. ಅವರ ಸರದಿ ಬರುವುದೇ ಇಲ್ಲ. ಅಪ್ಪನನ್ನು ಕಳಿಸಲು ಒಂದೇ ದಾರಿ — ಅಪ್ಪ ಯಾರಿಗಾದರೂ ಹೊಡೆಯಬೇಕು. ಆಗ ಅದು ಮಿಸ್‌ಕಂಡಕ್ಟ್, ನೇರ ಡಿಸ್‌ಮಿಸ್.

"ಅದಕ್ಕೇ ಕೆಣಕ್ತಿದಾರೆ ಅಪ್ಪ. ಯಾರ ಮೇಲೂ ಕೈ ಎತ್ತಬೇಡಿ. ಯಾರ ಮೇಲೂ."

"ನನಗೆ ಕೈ ಎತ್ಬೇಡ ಅನ್ನೋದು ಮೀನಿಗೆ ಈಜ್ಬೇಡ ಅಂದ ಹಾಗೆ" ಎಂದರು. ಆದರೂ ನೋಟ್ಸ್ ಮೇಲೆ ಕೈಯಿಟ್ಟು ಆಣೆ ಮಾಡಿದರು.

ಮಾರ್ಚ್ 9

ಅಪ್ಪನ ಊಟದ ಡಬ್ಬಿಯನ್ನು ಸೀಟಿ ಪ್ರೆಸ್ಸಿನ ಕೆಳಗಿಟ್ಟು ಒತ್ತಿಸಿದ. ಊಟದ ಸಮೇತ. ಅಪ್ಪ ಅದನ್ನು ಚೀಲದಲ್ಲಿ ಮನೆಗೆ ತಂದಿದ್ದಾರೆ.

"ಜೋಪಾನವಾಗಿಡಿ ರೀ" ಅಂದಳು ಅಮ್ಮ, "ಮಗಳಿಗೆ ಬುಕ್‌ಮಾರ್ಕ್ ಆಗುತ್ತೆ."

ನಕ್ಕೆವು. ಅಪ್ಪನ ತುಟಿ ಮತ್ತೆ ಒಡೆಯಿತು.

ಮಾರ್ಚ್ 11

ಗೇಟಿನಲ್ಲಿ ಸೀಟಿಯ ಕಡೆಯವರು ಲೋಡರ್ ಒಬ್ಬನ ಎರಡು ಹಲ್ಲು ಉದುರಿಸಿದರು. ಅವನು ತಿರುಗಿ ಹೊಡೆದ. ಮಧ್ಯಾಹ್ನಕ್ಕೆ ಅವನೇ ಡಿಸ್‌ಮಿಸ್. "ನಿನ್ನ ನೋಟ್ಸು ನಿಜಾನೇ ಹೇಳುತ್ತೆ" ಎಂದರು ಅಪ್ಪ. ಈಗ ಎರಡೂ ಕೈ ಜೇಬಿನಲ್ಲಿಟ್ಟುಕೊಂಡೇ ನಡೆಯುತ್ತಾರೆ. ನನ್ನ ಬೆನ್ನಿಗೂ ಏಟಿಲ್ಲ. ಪಕ್ಕದಲ್ಲಿ ನಿಂತು ಕೆಮ್ಮುತ್ತಾರೆ. ಪ್ರೌಡ್ ಅನ್ನಿಸಿತು.

ಮಾರ್ಚ್ 14, ಮಧ್ಯಾಹ್ನ 3

ಒಂದೊಂದಾಗಿ ಬರೆಯಬೇಕು.

ಅಪ್ಪನ ಪಕ್ಕದ ಪ್ರೆಸ್ಸಿನಲ್ಲಿ ‘ಹೊಸಬ’. ವಯಸ್ಸು ನಲವತ್ತೈದು, ಸೇರಿ ಏಳು ತಿಂಗಳು, ಅದಕ್ಕೆ ಹೊಸಬ. ಪ್ರೆಸ್ಸಿಗೆ ಎರಡು ಬಟನ್. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯಬೇಕು — ಕೈ ಒಳಗಿರಬಾರದು ಅಂತ. ಸೈನ್ ಹಾಕಿ ಹೋದವರ ಕೆಲಸವನ್ನೂ ಉಳಿದವರೇ ಎಳೆಯಬೇಕಲ್ಲ... ಬೇಗ ಆಗಲೆಂದು ಸೀಟಿ ಒಂದು ಬಟನ್ನಿಗೆ ತಂತಿ ಬಿಗಿದು ಒತ್ತಿಹಿಡಿಸಿದ್ದ.

ಹತ್ತೂವರೆ. ಹೊಸಬನ ಎಡಗೈ ಒಳಗೆ, ಸಿಕ್ಕಿಕೊಂಡ ತುಂಡು ಕೀಳುತ್ತಿತ್ತು. ಬಲಗೈ ಅಭ್ಯಾಸಬಲದಿಂದ ಬಟನ್ ಕಡೆ. ಅಪ್ಪ ನೋಡಿದರು. ಬೆನ್ನಿಗೆ ಹಾಕಲು ಕೈ ಎತ್ತಿದರು. ಎದುರಿಗೆ ಸೀಟಿ, ಅಪ್ಪನತ್ತಲೇ ಮೊಬೈಲ್ ಹಿಡಿದು, ವಿಡಿಯೊ ಆನ್.

ಅಪ್ಪನ ಕೈ ಗಾಳಿಯಲ್ಲೇ ನಿಂತಿತು.

ನಾಲ್ಕು ಬೆರಳು.

ಅಪ್ಪನ ಅಂಗಿ ತುಂಬ ರಕ್ತ. ಅವರದಲ್ಲ. ಅಮ್ಮ ನೀರು ಸುರಿಯುತ್ತಲೇ ಇದ್ದಾಳೆ. "ಬೆರಳು ನಾನೇ ಆರಿಸ್ಕೊಂಡೆ ಕಣೆ. ತಗಡಿಗೆ ಅಂಟ್ಕೊಂಡಿತ್ತು" ಅನ್ನುತ್ತಿದ್ದಾರೆ. ನನ್ನ ಕಡೆ ನೋಡುತ್ತಿಲ್ಲ.

ಯಾರ ಮೇಲೂ ಅಂದಿದ್ದೆ. ಎರಡು ಸಲ ಅಂದಿದ್ದೆ.

ಮಾರ್ಚ್ 19, ಬೆಳಿಗ್ಗೆ 11

ಲಿಸ್ಟ್ ಗೋಡೆಗೆ ಬಂತು. ರೂಲ್ ಪ್ರಕಾರವೇ. ಅಪ್ಪ ಸೇಫ್. ಕೊನೆಗೆ ಸೇರಿದವರು ಮೊದಲು — ಮೊದಲ ಹೆಸರು ಹೊಸಬನದು.

ನೋಟ್ಸ್ ಹಿಡಿದು ಹೊಸಬನನ್ನು ನೋಡಲು ಆಸ್ಪತ್ರೆಗೆ ಹೋದೆ. ಅವರ ಕೈ ಒಂದು ಬಿಳಿ ಗಂಟು. "ಕೆಲಸದಿಂದ ತೆಗೆಯೋದು ಬೇರೆ, ಆಕ್ಸಿಡೆಂಟ್ ಬೇರೆ. ಇದಕ್ಕೆ ಪ್ರತ್ಯೇಕ ಪರಿಹಾರ ಕೊಡಲೇಬೇಕು. ನಿಮಗೆ ಹಕ್ಕಿದೆ" ಎಂದೆ. ಪರೀಕ್ಷೆ ಬರೆದ ಹಾಗೆ.

"ಇದೆ ಕಣಮ್ಮ. ತಂತಿ ನಾನೇ ಕಟ್ಕೊಂಡೆ ಅಂತ ಸೀಟಿ ರಿಪೋರ್ಟ್ ಬರ್ದಿದಾನೆ. ವಿಡಿಯೊ ಅಳಿಸ್ಬಿಟ್ಟಿದಾನೆ. ನೋಡ್ದೋರು ನಿಮ್ಮಪ್ಪ ಒಬ್ರೇ." ಆ ಗಂಟನ್ನು ಮಡಿಲಿಗೆ ಎಳೆದುಕೊಂಡು, "ಏಳು ತಿಂಗಳಲ್ಲಿ ಮೂರು ಸಲ ಅವರ ಏಟೇ ನನ್ನ ಉಳ್ಸಿದ್ದು. ಅವತ್ತೊಂದಿನ ಯಾಕೆ ಬೀಳ್ಲಿಲ್ಲ ಅನ್ನೋದೇ ಗೊತ್ತಾಗ್ತಿಲ್ಲ ನೋಡು" ಎಂದರು.

ನನಗೆ ಗೊತ್ತಿತ್ತು. ನೋಟ್ಸ್ ಮಡಚಿಕೊಂಡು ಎದ್ದೆ. ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ.

ಮಾರ್ಚ್ 20, ಸಂಜೆ 5

ಸೀಟಿಯ ಕಡೆಯವರು ಮೂವರು ಬಂದಿದ್ದರು. ಕಿಟಕಿ ಗಾಜು ಪುಡಿ. ಅಮ್ಮನನ್ನು ಗೋಡೆಗೆ ನೂಕಿದರು. ಅಪ್ಪನ ಬಲಗೈಯನ್ನು ಹೊಸ್ತಿಲ ಮೇಲಿಟ್ಟು ಬೂಟುಗಾಲಲ್ಲಿ ತುಳಿದರು. ಮೂಳೆಯ ಸದ್ದು ಕೇಳಿಸಿತು. "ನೋಡಿದ್ದು ಮರೆತ್ರೆ ಕೆಲಸ ಇರುತ್ತೆ. ನೆನಪಿದ್ರೆ ಇನ್ನೊಂದು ಕೈನೂ ಇರಲ್ಲ."

ಅವರು ಹೋದರು. ನನ್ನ ಅಳು ನಿಲ್ಲಲಿಲ್ಲ. ಬೆನ್ನಿಗೊಂದು ಏಟು ಬಿತ್ತು. ಎಡಗೈಯದು. ಎಷ್ಟು ದಿನದ ಮೇಲೆ!

"ನಿಲ್ಸು. ಪೆನ್ ತಗೋ, ನನ್ನ ಸಾಕ್ಷಿ ಬರಿ. ನನ್ನ ಕೈಲಿ ಬರೆಯೋಕಾಗಲ್ಲ."

"ಮೊದ್ಲು ಆಸ್ಪತ್ರೆಗೆ ಹೋಗೋಣ ಅಪ್ಪ."

"ಆಟೋ ಕರೆಯೋಕೆ ಅಮ್ಮ ಹೋಗಿದಾಳೆ. ಅಷ್ಟರಲ್ಲಿ ಬರಿ. ಈ ಡೈರಿಲೇ ಬರಿ, ಆಮೇಲೆ ನೀಟಾಗಿ ಕಾಪಿ ಮಾಡ್ಕೋ."

ಅಪ್ಪ ಹೇಳಿದ ಹಾಗೇ ಬರೆಯುತ್ತಿದ್ದೇನೆ:

ತಂತಿ ಕಟ್ಟಿದ್ದು ಫೋರ್‌ಮನ್. ನಾನು ನೋಡಿದ್ದೇನೆ. ಹತ್ತೂವರೆಗೆ ಹೊಸಬನ ಕೈ ಒಳಗಿತ್ತು. ಅದನ್ನೂ ನೋಡಿದೆ. ನಾನು ಒಂದು ಮಾರು ದೂರದಲ್ಲಿದ್ದೆ. ಏಟು ಹಾಕಿದ್ದರೆ ನಿಲ್ಲಿಸುತ್ತಿದ್ದ. ಕೈ ಎತ್ತಿದೆ. ಎತ್ತಿ, ನನ್ನ ಮಗಳು ಹೇಳಿದ್ದು ನೆನಪಾಗಿ...

"ಬೇಡ, ಅದನ್ನ ಅಳಿಸು. ಹೆದರಿ ನಿಲ್ಲಿಸ್ದೆ ಅಂತ ಬರಿ. ನಿನ್ನ ಸುದ್ದಿ ಬೇಡ."

ಅಳಿಸಲಿಲ್ಲ. ಅಪ್ಪ ನೋಡುತ್ತಿರುವಾಗಲೇ ವಾಕ್ಯ ಪೂರ್ತಿ ಮಾಡುತ್ತಿದ್ದೇನೆ: ಎತ್ತಿ, ನನ್ನ ಮಗಳು ‘ಯಾರ ಮೇಲೂ ಕೈ ಎತ್ತಬೇಡಿ’ ಎಂದದ್ದು ನೆನಪಾಗಿ ನಿಲ್ಲಿಸಿದೆ.