ಒಂದೇ ಕೈಯ ಸ್ನಾನ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆ,

ಭುಜದ ನೋವು ಈಗ ಹೇಗಿದೆ? ಪಟ್ಟಿ ಬಿಚ್ಚಿದ ಮೇಲೆ ಬೆರಳು ಮಡಚಲು ಬರುತ್ತಿದೆ ಎಂದು ನಾದಿನಿ, ಅಂದರೆ ನಿಮ್ಮ ಮುದ್ದಿನ ಮಗಳು, ಫೋನಿನಲ್ಲಿ ಹೇಳಿದಳು. ನೀವು ಮಾತ್ರ ಎಂದಿನಂತೆ "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ" ಎಂದು ಫೋನ್ ಇಟ್ಟುಬಿಟ್ಟಿರಿ. ನಿಮ್ಮ ಜೊತೆ ವಾದ ಮಾಡಿ ಗೆದ್ದವರಿಲ್ಲ. ಅದಕ್ಕೇ ಈ ಕಾಗದ. ಇದನ್ನು ಅರ್ಧದಲ್ಲಿ ತಡೆಯಲು ನಿಮಗೂ ಆಗದು.

ಮಗಳ ಮನೆಗೆ ಹೊರಟ ದಿನ ನೀವು ಹೇಳಿದ ಮಾತು ಕಿವಿಯಲ್ಲೇ ಇದೆ. "ಬಲಗೈ ಎತ್ತಕ್ಕಾಗಲ್ಲ, ಎಡಗೈಲಿ ಚೊಂಬು ಹಿಡಿದ್ರೆ ನೀರೆಲ್ಲ ಗೋಡೆಗೆ. ಅಲ್ಲಾದ್ರೆ ಒಳ್ಳೆ ಶವರ್ ಇದೆ. ಇಲ್ಲಿದ್ರೆ ನೀನೇ ಸ್ನಾನ ಮಾಡಿಸ್ಬೇಕು. ಅದೊಂದು ಬೇಡ ಕಣಮ್ಮ." ಆಗ ನನಗೆ ಚುರುಕ್ಕೆಂದಿತು. ಆಮೇಲೆ ಯೋಚಿಸಿದರೆ, ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ನಮ್ಮ ಬಚ್ಚಲಿನ ಶವರಿನ ಕೆಳಗೆ ಗುಬ್ಬಿ ನಿಂತರೂ ನೆನೆಯದೆ ಹೋದೀತು.

ಹೋದ ವಾರ ನಿಮ್ಮ ಮಗ ಊಟದ ತಟ್ಟೆಯಷ್ಟು ಅಗಲದ ಹೊಸ ಶವರ್ ತಂದರು. ಡ್ರೈವಿಂಗ್ ಕಲಿಯುವವರಿಗೆ "ಮೊದ್ಲು ಕನ್ನಡಿ ನೋಡಿ, ಆಮೇಲೆ ಗೇರ್" ಎಂದು ದಿನವಿಡೀ ಹೇಳುವವರು, ಮನೆಗೆ ಬಂದರೆ ಹಿಂದೆಮುಂದೆ ನೋಡುವುದಿಲ್ಲ. "ನೀರಿನ ಒತ್ತಡ ಎಷ್ಟಿದೆ ಅಂತ ನೋಡದೆ ಹಾಕಿದ್ರೆ ಇದೂ ಜಿನುಗುತ್ತೆ ಅಷ್ಟೇ" ಎಂದೆ. ಮುಖ ಊದಿಸಿಕೊಂಡು "ಹಾಗಾದ್ರೆ ಒಂದು ಪಂಪ್ ಕೂರಿಸೋಣ" ಎಂದರು. ಕಾಯಿಲೆ ಯಾವುದೆಂದು ತಿಳಿಯದೆ ಮದ್ದು ಬೇಡವೆಂದು ಪ್ಲಂಬರನ್ನು ಕರೆಸಿದೆ.

ಅವರು ಒತ್ತಡ ಅಳೆಯುವ, ಗಡಿಯಾರದಂಥ ಪುಟ್ಟ ಮೀಟರೊಂದನ್ನು ಬಚ್ಚಲಿನ ನಲ್ಲಿಗೆ ತಿರುಗಿಸಿ ಕೂರಿಸಿದರು. ನಲ್ಲಿಗಳೆಲ್ಲ ಮುಚ್ಚಿದ್ದಾಗ ಮುಳ್ಳು ಚೆನ್ನಾಗಿಯೇ ಮೇಲೆ ನಿಂತಿತು. ನಿಮ್ಮ ಮಗ ಗೆದ್ದವರಂತೆ ನನ್ನತ್ತ ನೋಡಿದರು. ನಾನು ಪಕ್ಕದ ಬೇಸಿನ್ನಿನ ನಲ್ಲಿ ಬಿಟ್ಟೆ. ಮುಳ್ಳು ಸರ್ರನೆ ತಳಕ್ಕಿಳಿಯಿತು. ಅಡುಗೆಮನೆಯಲ್ಲೂ ಹಾಗೇ ನೋಡಿದೆವು; ಅಲ್ಲಿ ಅದು ಅಲುಗಾಡಿದ್ದಷ್ಟೇ. "ಒತ್ತಡ ಇದೆ, ಬಚ್ಚಲಿಗೆ ಬರೋ ದಾರಿ ಕಟ್ಕೊಂಡಿದೆ" ಎಂದರು ಪ್ಲಂಬರ್. ಹಳೆಯ ಕಬ್ಬಿಣದ ಕೊಳವೆ ಕತ್ತರಿಸಿದರೆ, ಒಳಗೆಲ್ಲ ತುಕ್ಕು ಬೆಳೆದು ಪೆನ್ಸಿಲ್ ತೂರುವಷ್ಟೇ ಸಂದು. ಮೂವರೂ ಸರದಿಯಲ್ಲಿ ಒಂದು ಕಣ್ಣು ಮುಚ್ಚಿ ಇಣುಕಿದೆವು. ಹೊಸ ಕೊಳವೆ ಹಾಕಿದ ಮೇಲೆ ಬೇಸಿನ್ನಿನ ನಲ್ಲಿ ಬಿಟ್ಟರೂ ಮುಳ್ಳು ಜಗ್ಗಲಿಲ್ಲ. ಪಂಪಿನ ಮಾತು ಅಲ್ಲಿಗೆ ಮುಗಿಯಿತು. ತಟ್ಟೆ ಶವರ್ ಅಂಗಡಿಗೆ ಮರಳಿತು. ಕೂತುಕೊಂಡೇ ಕೈಯಲ್ಲಿ ಹಿಡಿದು ಬೇಕಾದಲ್ಲಿಗೆ ನೀರು ಬಿಟ್ಟುಕೊಳ್ಳುವಂಥದ್ದು ಬಂತು.

ನಿನ್ನೆ ಬೆಳಿಗ್ಗೆ ನಿಮ್ಮ ಮಗನಿಂದ ನನ್ನ ಬಲಗೈಯನ್ನು ಟವಲಿನಲ್ಲಿ ಎದೆಗೆ ಬಿಗಿಯಾಗಿ ಕಟ್ಟಿಸಿಕೊಂಡು, ಸ್ಟೂಲಿನ ಮೇಲೆ ಕೂತು ಸ್ನಾನಕ್ಕೆ ಹೊರಟೆ. ಶವರ್ ಸಿಕ್ಕಿಸುವ ಕೊಕ್ಕೆ ಎತ್ತರವಾಯಿತು, ಸೋಪು ಬಲಗಡೆ ಉಳಿಯಿತು, ನೀರು ನೇರ ಮೂಗಿಗೆ ಹೊಡೆಯಿತು. ಹೊರಗಿನಿಂದ "ಬದುಕಿದೀಯಾ?" ಎಂಬ ವಿಚಾರಣೆ ಬೇರೆ. ಕೊಕ್ಕೆ, ಸೋಪಿನ ತಟ್ಟೆ ಎರಡನ್ನೂ ಎಡಕ್ಕೆ, ಕೆಳಕ್ಕೆ ಇಳಿಸಿದೆವು. ಮತ್ತೆ ಕೂತಾಗ ತಲೆಯನ್ನೂ ತೊಳೆದುಕೊಂಡು ಬಂದೆ. ಇವರು ತಾವೂ ನೋಡಬೇಕೆಂದು ಕೈ ಕಟ್ಟಿಸಿಕೊಂಡು ಹೋದರು. ಕಿವಿಯಲ್ಲಿ ನೊರೆ ಇಟ್ಟುಕೊಂಡೇ ಹೊರಬಂದು "ಅಮ್ಮಂಗೆ ಆಗುತ್ತೆ ಕಣೇ" ಎಂದರು. ನೀವು ಹೋದ ಮೇಲೆ ಅವರ ಮುಖ ಅಷ್ಟು ಹಗುರವಾದದ್ದನ್ನು ನಾನು ನೋಡಿರಲಿಲ್ಲ.

ಮಾತ್ರೆ ತಪ್ಪಿಸಬೇಡಿ. ನಾದಿನಿಗೂ ಅವಳ ಯಜಮಾನರಿಗೂ ನಮ್ಮ ನೆನಪು ತಿಳಿಸಿ. ಇದ್ದಲ್ಲಿಂದಲೇ ಎಡಗೈಯಲ್ಲಿ ನಮ್ಮನ್ನು ಹರಸಿದರೂ ನಡೆಯುತ್ತದೆ.

ನಿಮ್ಮ ಸೊಸೆ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿದ್ದು: ಬಚ್ಚಲ ಬಾಗಿಲಿಗೆ ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಹಾಕಿಸಿದ್ದೇನೆ. ಅದರ ಕೀ ನನ್ನೊಬ್ಬಳ ಹತ್ತಿರ ಇರುತ್ತದೆ. ನೀವು ಕರೆದರೆ, ಇಲ್ಲವೇ ಬಿದ್ದ ಸದ್ದು ಕೇಳಿದರೆ ಮಾತ್ರ ತೆಗೆಯುತ್ತೇನೆ. ಈ ವಿಷಯ ಮುಚ್ಚಿಟ್ಟು ನಿಮ್ಮನ್ನು ಕರೆತರಲು ಮನಸ್ಸು ಬರಲಿಲ್ಲ. ಒಪ್ಪಿಗೆಯಾದರೆ ಫೋನ್ ಮಾಡಿ "ಹೂಂ" ಅನ್ನಿ ಸಾಕು, ಶನಿವಾರ ಕಾರು ತರುತ್ತೇವೆ.