ಅತ್ತೆಯ ಕಿವಿಯಂತ್ರದ ಸೆಲ್ಲು

ನರೀನ್ ಪಟ್ಟಣ, ಜನವರಿ ೧೮

ಅತ್ತೆ ಪಕ್ಕದ ಕೋಣೆಯಲ್ಲಿ ನೆಮ್ಮದಿಯಾಗಿ ಮಲಗಿದ್ದಾಳೆ. ನನಗೆ ನಿದ್ದೆಯಿಲ್ಲ.

ಹಿಮ ಬೀಳುವ ಮೊದಲು ಗಂಡ ತನ್ನ ತಾಯಿಯ ಬಗ್ಗೆ ಕೇಳಿದ್ದ, "ಅಪಾಳ ಕಿವಿಯಂತ್ರಕ್ಕೆ ಬಳಸಿ ಬಿಸಾಡೋ ಸೆಲ್ಲು ತರ್ಲಾ, ಚಾರ್ಜ್ ಮಾಡೋದು ತರ್ಲಾ?"

"ಚಾರ್ಜ್ ಮಾಡೋದೇ ತನ್ನಿ, ವರ್ಷಗಟ್ಟಲೆ ಬರುತ್ತೆ" ಎಂದೆ. ನಿಜ ಬೇರೆ ಇತ್ತು. ಬಿಸಾಡುವ ಸೆಲ್ಲುಗಳನ್ನು ಅವಳು ದಿಂಬಿನಡಿ ಇಟ್ಟುಕೊಳ್ಳುತ್ತಿದ್ದಳು. ಚಾರ್ಜರ್ ಇರುವುದು ನನ್ನ ಅಡುಗೆಮನೆಯಲ್ಲಿ.

ಇವತ್ತು ಬೆಳಿಗ್ಗೆ ನೆರೆಯವರೆದುರು ನನ್ನನ್ನು ತೋರಿಸಿ, "ಬರಡು ಕುದುರೆ, ಹಾಕಿದ ಹುಲ್ಲೂ ದಂಡ" ಅಂದಳು. ಮಧ್ಯಾಹ್ನ ಸೆಲ್ಲು ಮುಗಿದಾಗ, ಕರೆಂಟಿಲ್ಲವೆಂದು ಕೈಸನ್ನೆ ಮಾಡಿದೆ. ಚಾರ್ಜಾದ ಜೋಡಿ ನನ್ನ ಜೇಬಿನಲ್ಲೇ ಇತ್ತು.

ಅಷ್ಟರಲ್ಲಿ ಕಜಾನ್ ನಗರದಿಂದ ಮೈದುನ ಎಸೆನ್ ಫೋನ್ ಮಾಡಿದ. ಅವನ ಹೆಂಡತಿಗೆ ದಿನ ತುಂಬಿತ್ತು. ಅತ್ತೆ ಫೋನ್ ಕಿತ್ತುಕೊಂಡಳು. ಅವನು ಅಳುತ್ತಿದ್ದುದು ನನಗೆ ಕೇಳುತ್ತಿತ್ತು.

"ಅಪಾ, ಮಗು ಉಳೀಲಿಲ್ಲ."

ಅವಳು ನಕ್ಕಳು. "ಒಳ್ಳೇದಾಯ್ತು ಮಗಾ. ನಾನು ಬೇಡ್ಕೊಂಡಿದ್ದೂ ಅದನ್ನೇ."

ಫೋನ್ ಕಟ್ಟಾಯಿತು. ನನಗೆ ಮೊದಲು ಬಂದದ್ದು ನಗು. ಅದನ್ನು ಇಲ್ಲಲ್ಲದೆ ಎಲ್ಲಿ ಬರೆಯಲಿ?

ಸಂಜೆ ಮೊಮ್ಮಗು ಬಂತೆಂದು ಬೊರ್ಸೋಕ್ ಕರಿಸಿದಳು. ಹುಟ್ಟಿಗೂ ಸಾವಿಗೂ ನಾವು ಕರಿಯುವುದು ಅದನ್ನೇ ತಾನೆ. ಹಿಟ್ಟು ಕಲಸಿದೆ, ಕರಿದೆ, ಬುಟ್ಟಿ ತುಂಬಿಕೊಟ್ಟೆ. ಕೇರಿಯಲ್ಲಿ ಹಂಚಲು ಹೊರಟವಳು ಬಾಗಿಲಲ್ಲಿ ನಿಂತು, ಮದುವೆಯಾಗಿ ಬಂದ ಮೇಲೆ ಮೊದಲ ಸಲ ನನ್ನ ತಲೆ ನೇವರಿಸಿದಳು.

"ನಿಂಗೂ ಆಗುತ್ತೆ ಬಿಡು, ಮಗಳೆ."

ಆಗಲೂ ನಾನು ಹೇಳಲಿಲ್ಲ. ಹೇಳಿದ್ದರೂ ಅವಳಿಗೆ ಕೇಳಿಸುತ್ತಿರಲಿಲ್ಲ; ಚಾರ್ಜಾದ ಸೆಲ್ಲು ಇನ್ನೂ ನನ್ನ ಜೇಬಿನಲ್ಲೇ ಇದೆ.