ಬೇಗ ಏಳುವ ಚೌಕ

ಮನೆಯಿಂದ,
ಹನ್ನೊಂದನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಎಡಚೀ,

ಹೇಗಿದ್ದೀಯ? ಹೋದ ಪತ್ರದಲ್ಲಿ ಕುತ್ತಿಗೆ ನೋವು ಅಂತ ಬರೆದಿದ್ದೆಯಲ್ಲ, ಕಡಿಮೆಯಾಯಿತಾ? ದಿನವೆಲ್ಲ ತಲೆ ಬಗ್ಗಿಸಿಕೊಂಡು ಯಾರ್ಯಾರದೋ ಕಟ್ಟುಹಲ್ಲು ಕೆತ್ತುತ್ತಾ ಕೂತರೆ ಕುತ್ತಿಗೆ ನೋಯದೆ ಇನ್ನೇನಾಗುತ್ತದೆ? ಗಂಟೆಗೊಂದು ಸಲವಾದರೂ ಎದ್ದು ಓಡಾಡು ಮಾರಾಯ್ತಿ. ಕಲ್ಲು ಬಿಟ್ಟು ಹಲ್ಲು ಹಿಡಿದವಳು ಅಂತ ಹಿಂದೊಮ್ಮೆ ತಮಾಷೆ ಮಾಡಿದ್ದಕ್ಕೆ ಆರು ತಿಂಗಳು ಉತ್ತರ ಬರೆಯದೆ ಕೂತವಳು ನೀನು. ಕೋಪ ನಿನಗೆ ಹುಟ್ಟಿದಾಗಿನಿಂದ ಮೂಗಿನ ತುದಿಯಲ್ಲೇ ಇದೆ. ಈ ಸಲ ಹಾಗೆ ಮಾಡಬೇಡ. ತಮಾಷೆ ಮಾಡುವುದಕ್ಕೂ ನನಗೆ ನಿನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ನಾನು ಇದ್ದೇನೆ, ಅಷ್ಟೇ. ಆಸ್ಪತ್ರೆಯ ಲಾಂಡ್ರಿಯಲ್ಲಿ ಈಗ ನನ್ನನ್ನು ದೊಡ್ಡ ಇಸ್ತ್ರಿ ಯಂತ್ರಕ್ಕೆ ಹಾಕಿದ್ದಾರೆ. ಒಂದು ಕಡೆಯಿಂದ ಒದ್ದೆ ಹಾಸು ಒಳಗೆ ತಳ್ಳಬೇಕು, ಇನ್ನೊಂದು ಕಡೆ ಬಿಸಿಬಿಸಿಯಾಗಿ ಹೊರಬಂದದ್ದನ್ನು ಎಳೆದು ನಾಲ್ಕಾಗಿ ಮಡಚಬೇಕು. ಸಂಜೆಯ ಹೊತ್ತಿಗೆ ಕಾಲು ಬಾತು ಚಪ್ಪಲಿಯೊಳಗೆ ಹೋಗುವುದಿಲ್ಲ. ಮನೆಗೆ ಬಂದರೆ ಅಪ್ಪ ಹುಡುಕಿ ಹುಡುಕಿ ಬೀಳಿಸಿದ ಲೋಟ, ತಟ್ಟೆ, ಔಷಧಿ ಶೀಶೆ. ಎತ್ತಿಡುತ್ತೇನೆ. ಗೊಣಗುತ್ತೇನೆ. ಮತ್ತೆ ಎತ್ತಿಡುತ್ತೇನೆ.

ಅಪ್ಪನ ವಿಷಯ ನನಗೆ ಬರೆಯಲೇಬೇಡ ಅಂತ ನೀನು ಹೇಳಿದ್ದು ಮರೆತಿಲ್ಲ. ಇಪ್ಪತ್ತೆರಡು ವರ್ಷ ಆ ಮಾತು ಪಾಲಿಸಿದ್ದೇನೆ. ಇವತ್ತು ಆಗುವುದಿಲ್ಲ, ಹರಿದು ಹಾಕದೆ ಕೊನೆಯ ತನಕ ಓದು. ಅಪ್ಪನ ಕಣ್ಣು ಹೋಗುತ್ತಿದೆ. ಒಂದು ಕಣ್ಣು ಆಗಲೇ ಹೋಯಿತು. ಇನ್ನೊಂದರಲ್ಲಿ ಕಿಂಡಿಯಷ್ಟು ಉಳಿದಿದೆ. ಹತ್ತಿರ ಬೆಳಕಿಗೆ ಕೂತರೆ ಮುಖ ಅನ್ನುವುದು ಕಾಣುತ್ತದೆ, ಅದೂ ಇನ್ನು ಎರಡು ತಿಂಗಳು ಇದ್ದರೆ ಹೆಚ್ಚು ಅಂತ ಡಾಕ್ಟರಮ್ಮ ಹೇಳಿದರು. ಆಪರೇಷನ್ ಮಾಡಿ ಪ್ರಯೋಜನವಿಲ್ಲವಂತೆ. ಅಪ್ಪ ಅದನ್ನು ಕೇಳಿ ಸುಮ್ಮನೆ ತಲೆಯಾಡಿಸಿದರು. ಹೊರಗೆ ಬಂದು ಬೆಂಚಿನ ಮೇಲೆ ಕೂತು, "ಆ ಮಸೀದಿಗೊಂದು ಸಲ ಕರ್ಕೊಂಡು ಹೋಗ್ತೀಯಾ?" ಅಂದರು.

ಯಾವ ಮಸೀದಿ ಅಂತ ನಿನಗೆ ಹೇಳಬೇಕಾಗಿಲ್ಲ. ನನಗೂ ಅಲ್ಲಿಗೆ ಹೋಗುವ ಮನಸ್ಸಿರಲಿಲ್ಲ ಕಣೇ. ಇವತ್ತು ನಾಳೆ ಅಂತ ಮೂರು ವಾರ ತಳ್ಳಿದೆ. ಕಾಲುನೋವು ಅಂದೆ, ಬಸ್ಸಿಲ್ಲ ಅಂದೆ, ರಜೆ ಕೊಡಲಿಲ್ಲ ಅಂತ ಸುಳ್ಳೂ ಹೇಳಿದೆ. ಅಪ್ಪ ಜಗಳ ಆಡಲಿಲ್ಲ. ದಿನಾ ಬೆಳಿಗ್ಗೆ ಎದ್ದು ಒಗೆದ ಅಂಗಿ ತೊಟ್ಟು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುವುದು, ನಾನು ಕೆಲಸಕ್ಕೆ ಹೊರಟಾಗ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕುವುದು. ಹಠ ಅಂದರೆ ಹಠ! ನಿನಗೆ ಎಲ್ಲಿಂದ ಬಂತು ಅಂತ ಕೇಳುವುದೇ ಬೇಡ. ನಿನ್ನೆ ಸೋತೆ.

ಎರಡು ಬಸ್ಸು ಬದಲಿಸಿ ಇಳಿಯುವಷ್ಟರಲ್ಲಿ ನನ್ನ ಜೀವ ಅರ್ಧ ಹೋಗಿತ್ತು. ಅಪ್ಪ ಮಾತ್ರ ಮದುವೆಗೆ ಹೊರಟವರಂತೆ ಮುಂದೆ ಮುಂದೆ ನಡೆದರು, ನನ್ನ ಭುಜ ಹಿಡಿದುಕೊಂಡು ನನ್ನನ್ನೇ ಎಳೆದುಕೊಂಡು. ಬೀದಿ ಹಾಗೇ ಇದೆ. ಬೀಗ ರಿಪೇರಿಯವನ ಅಂಗಡಿ ಇದೆ, ಗಡಿಯಾರದ ಅಂಗಡಿಯ ಜಾಗದಲ್ಲಿ ಮೊಬೈಲು ಮಾರುತ್ತಾರೆ. ಬಾಗಿಲಲ್ಲಿ ಚಪ್ಪಲಿ ಬಿಡಿಸಿ, ತಲೆಗೆ ಬಟ್ಟೆ ಹೊದ್ದು ಒಳಗೆ ಹೋದೆವು. ಬಿಟ್ಟರೆ ಮತ್ತೆ ಹುಡುಕುವ ಗೋಳು ಬೇಡ ಅಂತ ಅಪ್ಪನ ಚಪ್ಪಲಿಯನ್ನು ಚೀಲದಲ್ಲಿ ಸುತ್ತಿ ಕೈಯಲ್ಲೇ ಹಿಡಿದುಕೊಂಡೆ. ನಮಾಜಿನ ಹೊತ್ತಲ್ಲ, ಯಾರೂ ಇರಲಿಲ್ಲ. ಮಸೀದಿ ನೋಡಿಕೊಳ್ಳುವ ಒಬ್ಬ ಮುದುಕ ಉದ್ದ ಕೋಲಿನ ಪೊರಕೆ ಹಿಡಿದು ಕಿಟಕಿಗಳ ಕಲ್ಲಿನ ಜಾಲರಿಯ ತೂತಿನಿಂದ ಧೂಳು ತೆಗೆಯುತ್ತಿದ್ದ. ಏಳು ಕಿಟಕಿ, ಒಂದೊಂದರಲ್ಲೂ ಒಂಬತ್ತು ಚೌಕ. ಎಲ್ಲದರಲ್ಲೂ ಕಲ್ಲಿನ ಬಳ್ಳಿ, ಎಲೆ, ನಕ್ಷತ್ರ. ಬಳ್ಳಿ ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆ ಅಂತ ಹುಡುಕುವ ಆಟ ನಾವಿಬ್ಬರೂ ಆಡುತ್ತಿದ್ದೆವಲ್ಲ, ನೀನೇ ಗೆಲ್ಲುತ್ತಿದ್ದದ್ದು.

ಅಪ್ಪ ನೆಟ್ಟಗೆ ಐದನೇ ಕಿಟಕಿಗೆ ಹೋದರು. ಕಣ್ಣಿಲ್ಲದವರಿಗೆ ಲೆಕ್ಕ ಹೇಗೆ ಸಿಕ್ಕಿತು ಅಂದರೆ ಕಂಬಗಳನ್ನು ಮುಟ್ಟಿಕೊಂಡು. ಆ ಕಿಟಕಿಯಲ್ಲಿ ಒಡೆದುಹೋಗಿದ್ದ ಐದು ಚೌಕಗಳನ್ನು ಹೊಸದಾಗಿ ಕೆತ್ತಿಕೊಡುವ ಕೆಲಸ ಅಪ್ಪನಿಗೆ ಸಿಕ್ಕಿದ್ದು, ನಾಲ್ಕು ಮುಗಿಸಿದ ಮೇಲೆ ಕಲ್ಲು ಜಾರಿ ಬಲಗೈ ಬೆರಳು ಜಜ್ಜಿಹೋಗಿ ಅವರು ಆಸ್ಪತ್ರೆಯಲ್ಲಿ ಮಲಗಿದ್ದು, ಐದನೆಯದನ್ನು ಹದಿನೇಳು ವರ್ಷದ ನೀನು ಶೆಡ್ಡಿನ ಬಾಗಿಲು ಹಾಕಿಕೊಂಡು ಎಡಗೈಯಲ್ಲಿ ಸುತ್ತಿಗೆ ಹಿಡಿದು ಒಬ್ಬಳೇ ಕೆತ್ತಿದ್ದು, ಇದನ್ನೆಲ್ಲ ನಿನಗೇ ಯಾಕೆ ಬರೆಯುತ್ತಿದ್ದೇನೋ. ಬರೆಯುತ್ತಾ ಹೋದರೆ ಧೈರ್ಯ ಬರುತ್ತದೇನೋ ಅಂತ ಇರಬೇಕು. ಉಜ್ಜಿ ನಯ ಮಾಡಿದವಳು ನಾನು. ಮರಳು, ನೀರು, ಒರಟು ಕಲ್ಲು, ಎರಡು ತಿಂಗಳು. ನನ್ನ ಉಗುರು ಆಗ ಸವೆದದ್ದು ಇನ್ನೂ ನೆಟ್ಟಗೆ ಬೆಳೆದಿಲ್ಲ. ಉಜ್ಜಿದ್ದು ಯಾರು ಅಂತ ಯಾವ ಊರಲ್ಲೂ ಯಾರೂ ಕೇಳುವುದಿಲ್ಲ, ಬಿಡು.

ಅಪ್ಪ ತಾವು ಕೆತ್ತಿದ ನಾಲ್ಕನ್ನೂ ಸುಮ್ಮನೆ ಸವರಿ ಮುಂದೆ ಹೋದರು. ಕೆಳಗಿನ ಸಾಲಿನ ಕೊನೆಯ ಚೌಕಕ್ಕೆ ಬಂದಾಗ ನಿಂತರು. ಒಂದೊಂದೇ ತೂತಿಗೆ ಕಿರುಬೆರಳು ಹಾಕಿ ಅಂಚನ್ನು ತಡವುತ್ತಾ ಹೋದರು. ಎಷ್ಟು ಹೊತ್ತು ಅಂತೀಯ! ನಾನು ಕಾಲು ಸೋತು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮುದುಕ ಪೊರಕೆ ನಿಲ್ಲಿಸಿ ಹತ್ತಿರ ಬಂದು, "ಯಜಮಾನ್ರೇ, ಅದೊಂದು ವಿಚಿತ್ರ ನೋಡಿ. ಬೆಳಿಗ್ಗೆ ಎಲ್ಲಾ ಚೌಕಕ್ಕಿಂತ ಮೊದಲು ಇದರಲ್ಲೇ ಬಿಸಿಲು ಬರೋದು, ಕಾಲು ಗಂಟೆ ಮುಂಚೆ. ನಾವು ಇದಕ್ಕೆ ಬೇಗ ಏಳೋ ಚೌಕ ಅಂತೀವಿ. ಸಂಜೆ ಬೇಗ ಮಲಗಿಯೂ ಬಿಡತ್ತೆ" ಅಂದ. ಯಾಕೆ ಹಾಗೆ ಅಂತ ಎಷ್ಟೋ ಜನ ಎಂಜಿನಿಯರುಗಳನ್ನು ಕೇಳಿದ್ದನಂತೆ, ಯಾರಿಗೂ ಗೊತ್ತಾಗಲಿಲ್ಲವಂತೆ.

ಅಪ್ಪ ನಕ್ಕರು ಕಣೇ. ಅವರು ನಕ್ಕದ್ದು ನಾನು ಕಂಡು ಎಷ್ಟು ಕಾಲವಾಗಿತ್ತೋ. ಮುದುಕನ ಬೆರಳು ಹಿಡಿದು ತೂತಿನ ಒಳಗೆ ಇರಿಸಿ ತೋರಿಸಿಕೊಟ್ಟರು. ಬಲಗೈಯವರ ಏಟಿಗೆ ಉಳಿ ಒಂದು ಕಡೆಗೆ ವಾಲುತ್ತದೆ, ಎಡಗೈಯವರ ಏಟಿಗೆ ಇನ್ನೊಂದು ಕಡೆಗೆ. ಕೂದಲೆಳೆಯಷ್ಟೇ ವ್ಯತ್ಯಾಸ, ಕಣ್ಣಿಗೆ ಕಾಣುವುದಿಲ್ಲ. ಆದರೆ ಆರು ಬೆರಳು ದಪ್ಪದ ಕಲ್ಲಿನಲ್ಲಿ ನೂರಾರು ತೂತು ಒಟ್ಟಿಗೆ ಆ ಕಡೆ ವಾಲಿದರೆ ಬೆಳಕಿಗೆ ಗೊತ್ತಾಗಿಬಿಡುತ್ತದೆ. "ಇದು ನನ್ನ ಕೈ ಅಲ್ಲಪ್ಪ. ನನ್ನ ಚಿಕ್ಕ ಮಗಳ ಕೈ. ನಾನು ಐವತ್ತು ವರ್ಷ ಕೆತ್ತಿದೀನಿ, ಇಂಥ ಒಂದು ಚೌಕ ನನ್ನಿಂದ ಆಗ್ಲಿಲ್ಲ" ಅಂದರು. ಗಟ್ಟಿಯಾಗಿ ಅಂದರು, ಆ ಹಜಾರವೆಲ್ಲ ಕೇಳುವ ಹಾಗೆ.

ಮುದುಕ ಬಿಡುತ್ತಾನಾ? ಅಪ್ಪನ ಹೆಸರು ಕೇಳಿ ತಿಳಿದುಕೊಂಡು, ಹೊರಗಿನ ಫಲಕದಲ್ಲಿ ಐದೂ ಚೌಕಕ್ಕೆ ನಿಮ್ಮ ಹೆಸರೇ ಇದೆಯಲ್ಲ ಅಂದ. ತಪ್ಪು ಬರೆದಿದೆ, ತಿದ್ದಿಸಬೇಕು ಅಂದರು ಅಪ್ಪ. ತಪ್ಪು ಬರೆಸಿದ್ದು ಯಾರು ಅಂತ ಕೇಳಿದ. "ನಾನೇ" ಅಂದರು ಅಪ್ಪ. "ಅದಕ್ಕೇ ಅವಳು ಮನೆ ಬಿಟ್ಟು ಹೋದ್ಲು. ಅವಳ ಸಿಟ್ಟು ನ್ಯಾಯವಾದದ್ದೇ." ನಾನು ಅವರ ಚಪ್ಪಲಿ ಹಿಡಿದುಕೊಂಡು ಅಲ್ಲೇ ಕೂತಿದ್ದೆ. ಮುದುಕ ನನ್ನ ಕಡೆ ನೋಡಿದ. ನಾನು ಚೀಲದ ಗಂಟು ಬಿಚ್ಚಿ ಮತ್ತೆ ಕಟ್ಟಿದೆ.

ಫಲಕ ಹೊಸದಾಗಿ ಬರೆಸಲು ಮಸೀದಿಯ ಹಿರಿಯರನ್ನು ಕೇಳುತ್ತೇನೆ ಅಂತ ಮುದುಕ ಮಾತು ಕೊಟ್ಟಿದ್ದಾನೆ. ನಿನ್ನ ಪೂರ್ತಿ ಹೆಸರು ಒಂದು ಚೀಟಿಯಲ್ಲಿ ಬರೆದುಕೊಟ್ಟು ಬಂದೆ. ಬರುವಾಗ ಬಸ್ಸಿನಲ್ಲಿ ಅಪ್ಪ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದರು, ಕಿರುಬೆರಳಿಗೆ ಇನ್ನೂ ಆ ಕಲ್ಲಿನ ಧೂಳು ಅಂಟಿತ್ತು. ಇವತ್ತು ಬೆಳಿಗ್ಗೆ ಮುಖ ತೊಳೆಸುವಾಗ ಕೈ ಮಾತ್ರ ತೊಳೆಸಿಕೊಳ್ಳಲಿಲ್ಲ, ಆಮೇಲೆ ಅಂದರು.

ನೋಡು, ನಾನು ದಣಿದಿದ್ದೇನೆ. ಬಾ ಅಂತ ಬೇಡಿಕೊಳ್ಳುವ ಶಕ್ತಿಯೂ ಇಲ್ಲ, ಬಾರದಿದ್ದರೆ ಅಷ್ಟೇ ಹೋಯಿತು ಅನ್ನುವ ಗಟ್ಟಿತನವೂ ಇಲ್ಲ. ಎರಡು ತಿಂಗಳು ಅಂದಿದ್ದರು, ಅದರಲ್ಲಿ ಮೂರು ವಾರ ಆಗಲೇ ಹೋಯಿತು. ನಿನ್ನ ಮುಖ ಒಂದು ಸಲ ಬೆಳಕಿನಲ್ಲಿ ನೋಡಲಿ ಅಂತ ನನ್ನ ಆಸೆ. ಅಪ್ಪ ಬಾಯಿಬಿಟ್ಟು ಕೇಳಿಲ್ಲ, ಕೇಳುವವರೂ ಅಲ್ಲ. ನೆಗಡಿ ಹಿಡಿಸಿಕೊಳ್ಳಬೇಡ, ಕುತ್ತಿಗೆಗೆ ಬಿಸಿನೀರಿನ ಶಾಖ ಕೊಡು. ಎಲ್ಲಿದ್ದರೂ ನಿನ್ನ ಕೈ ಚೆನ್ನಾಗಿರಲಿ.

ಇಂತಿ,
ನಿನ್ನ ಗೊಣಗುವ ಅಕ್ಕ

ಮತ್ತೆ: ಲಕೋಟೆ ಅಂಟಿಸಿದ್ದೆ, ಹರಿದೆ. ಅಪ್ಪ ಏಳುವುದರೊಳಗೆ ಬರೆದು ಮುಗಿಸಬೇಕು. ಅಪ್ಪ ಮುದುಕನಿಗೆ ಹೇಳಿದ್ದು ಸುಳ್ಳು. ಹೆಸರು ಬರೆಸಿದ್ದು ಅವರಲ್ಲ, ನಾನು. ಮಸೀದಿ ಕೆಲಸದ ಎಂಜಿನಿಯರು ಶೆಡ್ಡಿಗೆ ಬಂದ ದಿನ ನೀನು ಊಟ ತೆಗೆದುಕೊಂಡು ಆಸ್ಪತ್ರೆಗೆ ಹೋಗಿದ್ದೆ. ಇದನ್ನು ಯಾರು ಕೆತ್ತಿದ್ದು ಅಂತ ನನ್ನನ್ನು ಕೇಳಿದರು. ಬೇರೆಯವರ ಕೈ ಅಂದರೆ ಕೆಲಸ ವಾಪಸು ತೆಗೆದುಕೊಳ್ಳುತ್ತಾರೆ ಅಂತ ಹೆದರಿದೆ, ಅದು ನಿಜ. ಹೊಟ್ಟೆಕಿಚ್ಚೂ ಇತ್ತು, ಅದೂ ನಿಜ. "ಅಪ್ಪಾನೇ, ಕೈಗೆ ಪೆಟ್ಟಾಗೋ ಮುಂಚೆ ಮುಗಿಸಿದ್ರು" ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು. ಕೆಲಸ ಮುಗಿದ ಮೇಲೆ ಸನ್ಮಾನದ ಸಭೆಯಲ್ಲಿ ಐದೂ ಚೌಕಕ್ಕೆ ಅಪ್ಪನ ಹೆಸರು ಕೂಗಿದಾಗಲೇ ನನ್ನ ಸುಳ್ಳು ಅವರಿಗೆ ಗೊತ್ತಾದದ್ದು. ಒಂದು ಸಲ ನನ್ನ ಕಡೆ ತಿರುಗಿ ನೋಡಿದರು, ಎದ್ದು ಹೋಗಿ ಪ್ರಶಸ್ತಿಪತ್ರ ತೆಗೆದುಕೊಂಡರು. ನೀನು ಕಳ್ಳ ಅಂತ ಕೂಗಾಡಿದಾಗಲೂ ಬಾಯಿ ಬಿಡಲಿಲ್ಲ. ನಿನ್ನೆ ಬಸ್ಸಿಳಿದ ಮೇಲೆ, ಯಾಕಪ್ಪಾ ನೀನು ಇಷ್ಟು ವರ್ಷ ನನ್ನ ತಪ್ಪು ಹೊತ್ತುಕೊಂಡೆ ಅಂತ ಕೊನೆಗೂ ಕೇಳಿದೆ. "ನಿನ್ನ ಮೇಲೆ ಸಿಟ್ಟಾಗಿದ್ರೆ ಅವಳು ಯಾರಿಗೆ ಕಾಗದ ಬರೀತಿದ್ಲು? ಅಪ್ಪ ಇವತ್ತಲ್ಲ ನಾಳೆ ಹೋಗೋನು. ಅಕ್ಕ ತಂಗಿ ಇರ್ಬೇಕು. ಈಗಲೂ ಹೇಳ್ಬೇಡ" ಅಂದರು. ನಾನು ಹೇಳುತ್ತಿದ್ದೇನೆ. ಇನ್ನು ನನಗೆ ಕಾಗದ ಬರೆಯಬೇಕೆನಿಸದಿದ್ದರೆ ಬರೆಯಬೇಡ. ಇಪ್ಪತ್ತೆರಡು ವರ್ಷದ ಸಿಟ್ಟನ್ನೂ ನನ್ನ ಮೇಲೆ ಹಾಕು, ನನ್ನ ಕಣ್ಣು ಚೆನ್ನಾಗಿದೆ, ನಾನು ಎಷ್ಟು ವರ್ಷವಾದರೂ ಕಾಯುತ್ತೇನೆ. ಅಪ್ಪನಿಗೆ ಅಷ್ಟು ಪುರುಸೊತ್ತಿಲ್ಲ.